ಮೇಲಿಂದು ಅಣ್ಣನ ಹತ್ರ ಇದೆ

ದೊಡ್ಡಮುನಿಯಮ್ಮ ತಮ್ಮನ ಮಗನ ತಣ್ಣಗಾದ ಬಲಗೈಯನ್ನು ಮಡಿಲಿಗೆಳೆದುಕೊಂಡು, ಹೆಬ್ಬೆರಳನ್ನು ತೆಂಗಿನ ನಾರಿನಿಂದ ಒಂದೇ ಸಮನೆ ತಿಕ್ಕುತ್ತಿದ್ದಳು.

"ಬಿಡ್ತಾನೇ ಇಲ್ವಲ್ಲೇ ಸುನಂದ. ಇದೇನ್ ಮೆತ್ಕೊಂಡೈತೆ, ಸುಣ್ಣನಾ?"

"ಅಂಟು ಅತ್ತಮ್ಮ. ಕಾರಿಗೆ ಹಾಕೋ ಅಂಟು. ಅದು ಹೋಗಲ್ಲ, ಬಿಡಿ."

"ಹೋಗಲ್ಲ ಅಂದ್ರೆ? ಗಂಡಸನ್ನ ಹಿಂಗೇ ಕಳಿಸ್ತಾರಾ, ಕೈಯೆಲ್ಲಾ ಕೊಳೆ ಮಾಡ್ಕೊಂಡು?"

"ಇರ್ಲಿ ಅತ್ತಮ್ಮ. ಅದಿಲ್ದಿದ್ರೆ ಅವರ ಕೈ ಅಂತಾನೇ ಅನ್ಸಲ್ಲ."

ಮುದುಕಿ ನಾರನ್ನು ಕೆಳಗಿಟ್ಟು, "ಪೋನೀಲೇಮ್ಮ, ಹೋಗ್ಲಿ ಬಿಡು. ನನ್ ಕಂದ ಹೆಂಗಿದ್ನೋ ಹಂಗೇ ಹೋಗ್ಲಿ" ಎಂದು ಆ ಕೈಯನ್ನೇ ಕೆನ್ನೆಗೊತ್ತಿಕೊಂಡು ಅಳತೊಡಗಿದಳು. ಸುನಂದಳಿಗೆ ಮಾತ್ರ ಬೆಳಗಿನಿಂದ ಅಳು ಬಂದಿರಲಿಲ್ಲ. ನಿನ್ನೆ ಸಂಜೆ ಕಾಫಿ ಲೋಟ ಹಿಡಿದು ಕೂತಿದ್ದ ಗಂಡ ಹಾಗೆಯೇ ಪಕ್ಕಕ್ಕೆ ವಾಲಿದಾಗ, ಮೊದಲು ಅವಳ ಬಾಯಿಂದ ಬಂದದ್ದು "ಅಯ್ಯೋ, ಕಾಫಿ ಚೆಲ್ತು" ಎಂಬ ಮಾತು. ಆ ಮಾತಿಗಾಗಿ ಅವಳು ತನ್ನನ್ನು ಇನ್ನೂ ಕ್ಷಮಿಸಿಕೊಂಡಿರಲಿಲ್ಲ.

ಶ್ರೀನಿವಾಸಪುರದಿಂದ ರಾಯಲ್ಪಾಡಿನ ಕಡೆ ಹೋಗುವ ದಾರಿಯಲ್ಲಿ, ಮಾವಿನ ತೋಪಿನೊಳಗೆ ವೇಣುಗೋಪಾಲನ ಮನೆ. ಪಶು ಆಸ್ಪತ್ರೆಯ ಕಾಂಪೌಂಡರ್ ಕೆಲಸದಿಂದ ನಿವೃತ್ತನಾದ ಮೇಲೆ ತನ್ನ ಪಾಲಿನ ಜಾಗದಲ್ಲಿ ಕಟ್ಟಿಸಿದ್ದು. ಮನೆಯ ಮುಂದೆ ಶಾಮಿಯಾನ ಹಾಕಿ ಅವನನ್ನು ಬೆಂಚಿನ ಮೇಲೆ ಮಲಗಿಸಿದ್ದರು. ಪಕ್ಕದಲ್ಲಿ ಮೂರು ಕಲ್ಲು ಹೂಡಿ ಹಂಡೆಗೆ ನೀರು ಹಾಕಿ ಉರಿ ಹಚ್ಚಿದ್ದರು. ತೋಪಿನ ಆ ತುದಿಯಲ್ಲಿ ಗುಂಡಿ ತೋಡುತ್ತಿದ್ದ ಹಾರೆಯ ಸದ್ದು ಇಲ್ಲಿಗೂ ಕೇಳುತ್ತಿತ್ತು. ಗಾಳಿ ಬೀಸಿದಾಗಲೆಲ್ಲ ಮರಗಳಿಂದ ಹೀಚು ಉದುರಿ ಶಾಮಿಯಾನದ ಮೇಲೆ ಪಟಪಟ ಬೀಳುತ್ತಿದ್ದವು.

ಬಂದವರು ಹೆಣ ನೋಡಿ, ಹಾರ ಹಾಕಿ, ಆಮೇಲೆ ತಪ್ಪದೆ ಮುಂಬಾಗಿಲಿನಿಂದ ಒಳಗಿಣುಕುತ್ತಿದ್ದರು. ಅಲ್ಲಿ ಗಾಜಿನ ಬೀರುವಿನ ತುಂಬ ಕಾರುಗಳು. ಗೇಣುದ್ದದವು, ಅದಕ್ಕಿಂತ ಚಿಕ್ಕವು, ಕೆಂಪು, ಹಸಿರು, ಕೆನೆಬಣ್ಣದವು. ಪ್ಲಾಸ್ಟಿಕ್ಕಿನ ಬಿಡಿ ಭಾಗಗಳನ್ನು ಜೋಡಿಸಿ ಮಾಡಿದ ಕಾರುಗಳು. ಒಂದಾದರೂ ಅಂಗಡಿಯಿಂದ ಇಡಿಯಾಗಿ ಬಂದದ್ದಲ್ಲ. ಹೊಸ ಪೆಟ್ಟಿಗೆ ತಂದು ಕಟ್ಟುವುದಕ್ಕಿಂತ, ಯಾರೋ ಎಂದೋ ಕಟ್ಟಿ ಮುರಿದು ಮೂಲೆಗೆಸೆದ ಹಳೆಯದನ್ನು ತಂದು ಸರಿಮಾಡುವುದರಲ್ಲೇ ವೇಣುವಿಗೆ ಹೆಚ್ಚು ಖುಷಿ. ಹಳೇ ಬಣ್ಣ ಕೆರೆದು, ಬಿರುಕು ತುಂಬಿ, ಉಜ್ಜಿ, ಮತ್ತೆ ಬಣ್ಣ ಕೊಟ್ಟು, ಕಳೆದುಹೋದ ಕನ್ನಡಿಯನ್ನು ಇಂಜೆಕ್ಷನ್ ಬಾಟಲಿಯ ಬಿರಡೆಯ ತಗಡಿನಿಂದ ಮಾಡಿ ಅಂಟಿಸುತ್ತಿದ್ದ. ಅಂಟು ಹಾಕುವುದಕ್ಕೂ ಅವನಿಗೆ ಸಿರಿಂಜೇ ಬೇಕು. "ಕಾಂಪೌಂಡರಪ್ಪ ಕಾರಿಗೆ ಗ್ಲೂಕೋಸ್ ಏರಿಸ್ತಾವ್ನೆ" ಎಂದು ಊರವರು ನಗುತ್ತಿದ್ದರು. ಅವನೂ ನಗುತ್ತಿದ್ದ. ಆದರೆ ಸ್ವಂತಕ್ಕೊಂದು ಕಾರು ಕೊಳ್ಳಲಿಲ್ಲ, ಓಡಿಸುವುದನ್ನೂ ಕಲಿಯಲಿಲ್ಲ; ಕೊನೆಯವರೆಗೂ ಹಳೇ ಮೊಪೆಡ್ಡಿನಲ್ಲೇ ಓಡಾಡಿದ.

ಬೀರುವಿನ ಪಕ್ಕದ ಮೇಜಿನ ಮೇಲೆ, ಮಿಠಾಯಿ ಡಬ್ಬಿಯ ಗಾಜಿನಂಥ ಮುಚ್ಚಳದ ಕೆಳಗೆ, ಒಂದು ಕಾರು ಬೇರೆಯಾಗಿ ಇತ್ತು. ಕಾರೆಂದರೆ ಪೂರಾ ಕಾರಲ್ಲ. ನಾಲ್ಕು ಚಕ್ರ, ಅಡಿಯ ತಟ್ಟೆ, ಅದರ ಮೇಲೆ ಎರಡು ಸಾಲು ಸೀಟು, ಉಗುರಿನಷ್ಟು ಸ್ಟಿಯರಿಂಗು. ಮೇಲೆ ಬಯಲು.

ಮಾಲೂರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ಅಮರನಾಥ್, ಈ ಹುಚ್ಚಿನಲ್ಲಿ ವೇಣುವಿಗಿದ್ದ ಒಬ್ಬನೇ ಜೊತೆಗಾರ, ಅದರ ಮುಂದೆ ನಿಂತು ಕಣ್ಣೊರೆಸಿಕೊಂಡ.

"ಇದಕ್ಕೆ ಮೇಲಿನ ಬಾಡಿ ಹುಡುಕಿಕೊಡ್ತೀನಿ ಸಾರ್ ಅಂತ ಎಷ್ಟು ಸಲ ಕೇಳಿದೀನಿ ಗೊತ್ತಾ ಅಕ್ಕ? ಇಂಗ್ಲೆಂಡಿಂದಾದ್ರೂ ತರಿಸ್ಬೋದಿತ್ತು. ಬೇಡ ಅಮರ, ಮೇಲಿಂದು ಇದೆ, ಅಣ್ಣನ ಹತ್ರ ಇದೆ ಅಂತಿದ್ರು. ಯಾವಾಗ್ಲೂ ಅದೊಂದೇ ಮಾತು."

ಸುನಂದ ಹೊರಗೆ ನೋಡಿದಳು. ಬೇಲಿಯಾಚೆ, ಮರಗಳ ನಡುವೆ, ಭಾವ, ವೇಣುವಿನ ಅಣ್ಣ ಚನ್ನರಾಯಪ್ಪನ ಮನೆಯ ಹೆಂಚು ಕಾಣುತ್ತಿತ್ತು. ಅವನು ಇನ್ನೂ ಬಂದಿರಲಿಲ್ಲ.

*

ಆ ಕಾರಿನ ಕತೆಯನ್ನು ಮದುವೆಯಾದ ಹೊಸದರಲ್ಲೇ ವೇಣು ಹೇಳಿದ್ದ.

ಅವರ ಸೋದರಮಾವನೊಬ್ಬ ಚಿನ್ನದ ಗಣಿಯ ಕಡೆ, ಚಾಂಪಿಯನ್ ರೀಫಿನ ಒಂದು ಬಂಗಲೆಯಲ್ಲಿ ಅಡುಗೆಗಿದ್ದ. ಬಂಗಲೆಯವರು ಮನೆ ಖಾಲಿ ಮಾಡಿ ಆಸ್ಟ್ರೇಲಿಯಾಕ್ಕೆ ಹೊರಟಾಗ, ಅವರ ಮಗ ಬಿಚ್ಚದೆ ಬಿಟ್ಟ ಒಂದು ಪೆಟ್ಟಿಗೆಯನ್ನು ಮಾವನಿಗೆ ಕೊಟ್ಟರು. ಮಾವ ಅದನ್ನು ಟವೆಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ. ಪೆಟ್ಟಿಗೆಯ ಮೇಲೆ ತಿಳಿನೀಲಿ ಹೆರಾಲ್ಡ್ ಕಾರಿನ ಚಿತ್ರ. ಅಣ್ಣತಮ್ಮ ಬಿಚ್ಚಿ ನೋಡಿದರೆ ಒಳಗೆ ಕಾರಿಲ್ಲ! ಚಕ್ರ ಒಂದು ಕಡೆ, ಬಾಗಿಲು ಒಂದು ಕಡೆ, ಎಲ್ಲ ಚೂರುಚೂರು. ದಾರಿಯಲ್ಲಿ ಬಸ್ಸು ಕುಲುಕಾಡಿ ಕಾರು ಒಡೆದುಹೋಯಿತೆಂದು ಇಬ್ಬರೂ ಗೊಳೋ ಎಂದು ಅತ್ತರು. ಮಾವನಂತೂ ತನ್ನಿಂದಲೇ ಒಡೆಯಿತೆಂದು ಆ ರಾತ್ರಿ ಊಟ ಮಾಡಲಿಲ್ಲವಂತೆ.

ಬೆಳಿಗ್ಗೆ ಎದ್ದ ಚನ್ನರಾಯ ಪೆಟ್ಟಿಗೆಯಲ್ಲಿದ್ದ ಚಿತ್ರದ ಹಾಳೆ ಹರಡಿಕೊಂಡು ಕೂತ. "ಲೇ ವೇಣು, ಒಡೆದಿಲ್ಲ ಕಣೋ! ಇದನ್ನ ನಾವೇ ಮಾಡ್ಬೇಕು" ಎಂದು ಕೂಗಿದ. ಪೆಟ್ಟಿಗೆಯ ಅಂಟು ಒಣಗಿಹೋಗಿತ್ತು. ಬೇಲದ ಮರದ ಅಂಟು ತಂದು ನೆನೆಹಾಕಿದರು. ಮೇಲಿನ ಭಾಗವೆಲ್ಲ ಅಣ್ಣನದು, ಚಕ್ರ ಸೀಟು ತಮ್ಮನದು. ಮುಗಿದಾಗ ಎರಡನ್ನೂ ಒಂದರ ಮೇಲೊಂದು ಕೂರಿಸಿ ಇಬ್ಬರೂ ಸೇರಿ ಅದುಮಿ ಹಿಡಿದರು. ಹೊಸ ಲಾರಿಯ ಗಾಲಿಗಳ ಕೆಳಗೆ ನಿಂಬೆಹಣ್ಣಿಡುವುದನ್ನು ಚನ್ನರಾಯ ನೋಡಿದ್ದ. ಈ ಗಾಲಿಗೆ ನಿಂಬೆಹಣ್ಣು ದೊಡ್ಡದಾಯಿತು. ತೋಪಿಗೆ ಓಡಿ ನಾಲ್ಕು ಹೀಚು ಆರಿಸಿ ತಂದು ಇಟ್ಟ. ವೇಣು ಹಿಂದಿನಿಂದ ತಳ್ಳಿದ, ಅಣ್ಣ ಬಾಯಲ್ಲೇ ಹಾರನ್ನು ಹೊಡೆದ.

"ಆವತ್ತು ನಮ್ಮಣ್ಣನ ಮುಖ ನೋಡ್ಬೇಕಿತ್ತು ಕಣೇ" ಎಂದು ವೇಣು ಕತೆಯನ್ನು ಅಲ್ಲಿಗೇ ನಿಲ್ಲಿಸುತ್ತಿದ್ದ. ಆಗಿನ್ನೂ ಮನೆ ಭಾಗವಾಗಿರಲಿಲ್ಲ.

*

"ಗುಂಡಿಗೆ ಏನೇನ್ ಹಾಕ್ತೀರಮ್ಮ?" ಎಂದು ಶ್ರೀನಿವಾಸಪ್ಪ ಕೇಳಿದ. ಸಾವಿನ ಮನೆಯಲ್ಲಿ ನಿಂತು ಎಲ್ಲ ನಡೆಸಿಕೊಡುವ ಹಿರಿಯ ಅವನು. ಬೀಡಿ ಸೇದುವವನಿಗೆ ಬೀಡಿ, ಎಲೆಯಡಿಕೆ ಹಾಕುವವಳಿಗೆ ಎಲೆಯಡಿಕೆ ಚೀಲ, ಹೀಗೆ ಹೋದವರ ಜೀವ ಯಾವುದರ ಮೇಲಿತ್ತೋ ಅದನ್ನು ಜೊತೆಗಿಟ್ಟು ಮಣ್ಣು ಮಾಡುವುದು ಆ ಕಡೆಯ ವಾಡಿಕೆ. "ಆ ಕಾರುಗಳ್ನೆಲ್ಲ ಹಾಕ್ಬಿಡಿ. ಇಲ್ಲಾಂದ್ರೆ ಜೀವ ಇಲ್ಲೇ ಸುತ್ತಾಡ್ತದೆ."

ಮಗಳು ಮೇಘನ ಬೀರುವಿಗೆ ಅಡ್ಡ ನಿಂತುಬಿಟ್ಟಳು. "ಒಂದನ್ನೂ ಮುಟ್ಬೇಡಿ ತಾತ. ಅಪ್ಪ ಒಡೆದಿದ್ದನ್ನ ಸರಿ ಮಾಡಿಟ್ಟಿದ್ದು ಮತ್ತೆ ಮಣ್ಣಿಗೆ ಹಾಕೋಕಾ?"

"ನೀ ಸುಮ್ನಿರು ಮಗ" ಎಂದು ಸುನಂದ ಮೇಲೆದ್ದಳು. ಮುಚ್ಚಳ ಸರಿಸಿ ಆ ಅರ್ಧ ಕಾರನ್ನು ಅಂಗೈಯ ಮೇಲಿಟ್ಟುಕೊಂಡು ಹೊರಗೆ ತಂದಳು. "ಇದೊಂದು ಸಾಕು ಮಾವ. ಅವರ ಜೀವ ಇದರ ಮೇಲಿತ್ತು."

ಶ್ರೀನಿವಾಸಪ್ಪ ಬಗ್ಗಿ ನೋಡಿ ತಲೆಯಾಡಿಸಿದ. "ಅರ್ಧಂಬರ್ಧದ ವಸ್ತು ಹಾಕೋ ಹಂಗಿಲ್ಲಮ್ಮ. ಮುಕ್ಕಾಗಿದ್ದು, ಮುರಿದಿದ್ದು ಹೆಣದ ಜೊತೆ ಹೋಗ್ಬಾರ್ದು. ಇದರದ್ದು ಮಿಕ್ಕಿದ್ದೆಲ್ಲಿ?"

ಅಲ್ಲಿದ್ದ ಅರ್ಧ ಜನಕ್ಕೆ ಅದೆಲ್ಲಿದೆಯೆಂದು ಗೊತ್ತಿತ್ತು. ಸುನಂದ, ಹೆಂಗಸರ ನಡುವೆ ಕೂತಿದ್ದ ಓರಗಿತ್ತಿ ವೆಂಕಟರತ್ನಮ್ಮನ ಕಡೆ ತಿರುಗಿದಳು. ಗಂಡ ಬರದಿದ್ದರೂ ಅವಳು ಬೆಳಗಾಗುವ ಮುಂಚೆಯೇ ಬಂದು ಹಂಡೆಯ ಒಲೆ ಹಚ್ಚಿದ್ದಳು.

"ಅಕ್ಕ, ಇದ್ಯಾ ಇನ್ನೂ?"

ವೆಂಕಟರತ್ನಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಐತೆ ಕಣಮ್ಮ. ಅಟ್ಟದ ಮೇಲೆ, ಹೆಂಚಿನ ಕೆಳಗೆ. ನಾನು ಕಸ ಗುಡ್ಸೋಕೂ ಮುಟ್ಟಂಗಿಲ್ಲ. ಬರೋವಾಗ ಬಾರಯ್ಯ, ಹೋಗೋಣ ಅಂತ ಕರೆದೆ. ಹಿತ್ಲಲ್ಲಿ ಕೂತವ್ರೆ, ಹ್ಞೂಂ ಇಲ್ಲ, ಊಹ್ಞೂಂ ಇಲ್ಲ."

ತಾನೇ ಹೋಗಿ ಕೇಳಿದರೆ ಕೊಟ್ಟಾನು ಎಂದು ಸುನಂದಳಿಗೆ ಅನ್ನಿಸಿತು. ಆದರೆ ಗಂಡನ ಹೆಣ ಅಂಗಳದಲ್ಲಿರುವಾಗ ಇನ್ನೊಬ್ಬರ ಹೊಸ್ತಿಲು ಹತ್ತುವಂತಿಲ್ಲ. ಅವಳು ಮಗಳನ್ನು ಹತ್ತಿರ ಕರೆದಳು.

"ಹೋಗು. ದೊಡ್ಡಪ್ಪ ಮಾತಾಡದಿದ್ರೂ ಪರವಾಗಿಲ್ಲ. ಅಮ್ಮ ಕೇಳಿದ್ಲು, ಅಪ್ಪನ ಜೊತೆ ಕಳಿಸ್ಬೇಕಂತೆ ಅಂತ ಅಷ್ಟೇ ಹೇಳು."

ಮೇಘನ ಬೇಲಿ ದಾಟಿ ಹೋದಳು. ಹೋದಷ್ಟೇ ಬೇಗ ಬರಿಗೈಯಲ್ಲಿ ವಾಪಸ್ಸು ಬಂದಳು.

"ಹೇಳ್ದೆ ಅಮ್ಮ. ತಲೆ ಎತ್ತಲೇ ಇಲ್ಲ."

"ನೀರು ಕಾದಿದೆ" ಎಂದು ಒಲೆಯ ಬಳಿಯಿಂದ ಯಾರೋ ಕೂಗಿದರು. ಗಂಡಸರು ಮೈಗೆ ನೀರೆರೆಯಲು ಬೆಂಚಿನ ಸುತ್ತ ಪಂಚೆ ಹಿಡಿದರು. ಇನ್ನು ನೀರು, ಆಮೇಲೆ ಚಟ್ಟ, ಆಮೇಲೆ ಮಣ್ಣು. ಅರ್ಧ ಕಾರನ್ನು ಸೆರಗಿನಲ್ಲಿ ಮುಚ್ಚಿಕೊಂಡು ಸುನಂದ ಬೇಲಿಯ ಕಡೆಯೇ ನೋಡುತ್ತ ಕೂತಳು.

*

ಮನೆ ಭಾಗವಾದ ದಿನ ಅವಳು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದಳು. ಹಿರಿಯರು ಕೂತು ಪಾತ್ರೆ, ಪಡಗ, ಒನಕೆ, ಮರ ಎಲ್ಲ ಪಾಲು ಮಾಡಿದ್ದರು. ಎಲ್ಲ ಸಲೀಸಾಗಿ ಮುಗಿದು, ಗಡಿಯ ಮೇಲಿದ್ದ ಒಂದು ಬಾದಾಮಿ ಮಾವಿನ ಮರದ ಮುಂದೆ ನಿಂತುಹೋಯಿತು. ಅಣ್ಣ ತನಗೆ ಅಂದ, ತಮ್ಮ ತನಗೆ ಅಂದ. ಮರದ ಮಾತು ಅಪ್ಪನ ಮಾತಾಯಿತು. ಯಾರು ಅವನನ್ನು ನೋಡಿಕೊಂಡರು, ಯಾರು ನೋಡಿಕೊಳ್ಳಲಿಲ್ಲ ಎಂಬಲ್ಲಿಗೆ ಹೋಯಿತು. ಅಂಥ ಮಾತು ಬಂದ ಮೇಲೆ ವಾಪಸ್ಸು ಹೋಗುವುದುಂಟೇ?

ಗೂಡಿನಲ್ಲಿದ್ದ ನೀಲಿ ಕಾರನ್ನು ಎಳೆದು ತಂದು ನಡುಮನೆಯಲ್ಲಿ ಕುಕ್ಕಿದವನು ವೇಣು. "ಒಂದು ಮರಕ್ಕೆ ಇಷ್ಟು ಆಡೋನು ಇದನ್ಯಾಕೆ ಬಿಡ್ತೀಯ? ಇದನ್ನೂ ಭಾಗ ಮಾಡು!"

ಚನ್ನರಾಯಪ್ಪ ಕಾರನ್ನು ಕೈಗೆತ್ತಿಕೊಂಡ. ಹೆದರಿಸಲೆಂದು ಎಳೆದನೋ, ನಿಜಕ್ಕೂ ಎಳೆದನೋ ಅವನಿಗೇ ಗೊತ್ತಿರಲಿಕ್ಕಿಲ್ಲ. ಬೇಲದ ಅಂಟು ಒಣಗಿ ಎಷ್ಟು ವರ್ಷವಾಗಿತ್ತೋ, ಟಕ್ಕೆಂದು ಬಿಟ್ಟುಕೊಂಡಿತು. ಮೇಲಿನದು ಒಂದು ಕೈಯಲ್ಲಿ, ಕೆಳಗಿನದು ಒಂದು ಕೈಯಲ್ಲಿ. ಅವನ ಮುಖ ಬಿಳಿಚಿಕೊಂಡದ್ದನ್ನು ಸುನಂದ ಕಂಡಳು. ಆದರೆ ಅಷ್ಟು ಜನರ ಎದುರು ಹಿಂದೆಗೆಯುವುದು ಹೇಗೆ? "ನಾನು ಮಾಡಿದ್ದು ನನಗೆ, ನೀನು ಮಾಡಿದ್ದು ನಿನಗೆ" ಎಂದು ಚಕ್ರಗಳನ್ನು ತಮ್ಮನ ಮುಂದಿಟ್ಟು ಎದ್ದುಹೋದ.

ಮುರಿದ ಕಾರುಗಳನ್ನು ಹುಡುಕಿ ತರುವ ಹುಚ್ಚು ವೇಣುವಿಗೆ ಹತ್ತಿಕೊಂಡದ್ದು ಅದಾದ ಮೇಲೆ. ಯಾರ ಯಾರದೋ ಕಾರು ಸರಿಮಾಡಿದ. ತನ್ನದಕ್ಕೆ ವರ್ಷಕ್ಕೊಮ್ಮೆ ಚಕ್ರಕ್ಕೆ ಎಣ್ಣೆ ಬಿಟ್ಟು, ತಿರುಗಿಸಿ ನೋಡಿ, ಮುಚ್ಚಿಡುತ್ತಿದ್ದ. ಒಂದು ಸಲ ಹೋಗಿ ಕೇಳಬಾರದಾ ಎಂದರೆ, "ಅವನೇ ತರ್ತಾನೆ ಕಣೇ" ಎನ್ನುತ್ತಿದ್ದ.

*

ಮೈತೊಳೆದು, ಹೊಸ ಪಂಚೆ ಉಡಿಸಿ, ಹಣೆಗೆ ನಾಮವಿಟ್ಟು ಚಟ್ಟಕ್ಕೆ ಮಲಗಿಸಿದ ಹೊತ್ತಿಗೆ ಜನ ಎರಡಾಗಿ ಸರಿದು ದಾರಿ ಬಿಟ್ಟರು. ಚನ್ನರಾಯಪ್ಪ ಬರುತ್ತಿದ್ದ. ಅಟ್ಟ ಹತ್ತಿದ ಧೂಳು ತಲೆಯ ಮೇಲೆ ಹಾಗೇ ಇತ್ತು. ಕೈಯಲ್ಲಿ ಟವೆಲಿನ ಗಂಟು.

ತಮ್ಮನ ಮುಖವನ್ನು ನೋಡುತ್ತ ಅವನು ಸ್ವಲ್ಪ ಹೊತ್ತು ನಿಂತ. ಅಳಲಿಲ್ಲ. ಆಮೇಲೆ ಸುನಂದಳ ಮುಂದೆ ಕುಕ್ಕರಗಾಲಲ್ಲಿ ಕೂತು ಗಂಟು ಬಿಚ್ಚಿದ.

ತಿಳಿನೀಲಿ ಮಾಸಿ ಬೂದು ಬಣ್ಣವಾಗಿತ್ತು. ಸುನಂದ ಸೆರಗಿನಿಂದ ಚಕ್ರಗಳನ್ನು ತೆಗೆದು ಕೊಟ್ಟಳು. ಅವನು ಮೇಲಿನದನ್ನು ಅದರ ಮೇಲಿಟ್ಟ. ಕೂರಲಿಲ್ಲ. ಹಿಂದೆ ಒತ್ತಿದರೆ ಮುಂದೆ ಎದ್ದಿತು, ಮುಂದೆ ಒತ್ತಿದರೆ ಹಿಂದೆ. ವರ್ಷ ವರ್ಷದ ಬೇಸಿಗೆಯಲ್ಲಿ ಹೆಂಚಿನ ಕಾವಿಗೆ ಪ್ಲಾಸ್ಟಿಕ್ಕು ಸೊಟ್ಟಗಾಗಿಹೋಗಿತ್ತು.

"ಜೋಪಾನವಾಗಿರ್ಲಿ ಅಂತ ಮೇಲಿಟ್ಟೆ" ಎಂದ ಚನ್ನರಾಯಪ್ಪ, ಯಾರಿಗೆಂದಿಲ್ಲದೆ. "ಮಕ್ಕಳ ಕೈಗೆ ಸಿಗ್ದೆ ಇರ್ಲಿ ಅಂತ. ಹೆಂಚು ಇಷ್ಟು ಕಾಯ್ತದೆ ಅಂತ ನಂಗೇನ್ ಗೊತ್ತು." ಮತ್ತೆ ಒತ್ತಿದ. "ಕೂತ್ಕೊಳ್ತಿಲ್ವಲ್ಲಮ್ಮ. ಕೂತ್ಕೊಳ್ತಾನೇ ಇಲ್ಲ."

"ಹೊತ್ತಾಯ್ತು" ಎಂದ ಶ್ರೀನಿವಾಸಪ್ಪ ಮೆಲ್ಲಗೆ. "ಲೇ, ಆ ಹಂಡೆ ನೀರು ಚೆಲ್ಲಿ ಬೋರಲು ಹಾಕ್ರೋ. ಚಟ್ಟ ಎತ್ತೋಣ."

"ತಡೀರಿ!"

ಅಂಥ ದನಿ ತನ್ನಿಂದ ಬಂತೆಂದು ಸುನಂದಳಿಗೇ ನಂಬಿಕೆಯಾಗಲಿಲ್ಲ. ಹಂಡೆಯ ಕೆಳಗೆ ಕೆಂಡ ಇನ್ನೂ ನಿಗಿನಿಗಿ ಎನ್ನುತ್ತಿತ್ತು, ಉಳಿದ ನೀರು ಮರಳುತ್ತಿತ್ತು. ಅವಳಿಗೆ ತನ್ನ ಹಾಲಿನ ಪಾತ್ರೆ ನೆನಪಾಯಿತು. ಸೊಟ್ಟಗಾದ ಕಾರು ಬಂದಾಗಲೆಲ್ಲ ಆ ಪಾತ್ರೆ ಕದ್ದೊಯ್ದು ನೀರು ಕಾಯಿಸುತ್ತಿದ್ದ ಗಂಡ, ಬೈಸಿಕೊಳ್ಳುತ್ತಲೇ ಹೇಳುತ್ತಿದ್ದ: "ಪ್ಲಾಸ್ಟಿಕ್ಕಿಗೂ ನೆನಪಿರುತ್ತೆ ಕಣೇ. ಬಿಸಿನೀರಲ್ಲಿ ಅದ್ದಿ ತೆಗೆದ್ರೆ ಮೆತ್ತಗಾಗುತ್ತೆ. ಆಮೇಲೆ ಸರಿಯಾಗಿ ಕೂರಿಸಿ ಹಿಡ್ಕೊಂಡಿರ್ಬೇಕು. ಆರೋವರೆಗೂ ಕೈ ಬಿಡ್ಬಾರ್ದು, ಅಷ್ಟೇ."

ಅವಳು ಒಳಗಿನಿಂದ ಜಾಲರಿ ಸೌಟು ತಂದು ಕೈಚಾಚಿದಳು. "ಕೊಡಿ ಭಾವ ಅದನ್ನ."

"ಏನಮ್ಮ ಇದು!" ಶ್ರೀನಿವಾಸಪ್ಪ ಅಡ್ಡ ಬಂದ. "ಹೆಣದ ನೀರು ಅದು. ಉಳಿದಿದ್ದನ್ನ ಯಾರೂ ಮುಟ್ಟಂಗಿಲ್ಲ. ಬೇರೆ ನೀರು ಕಾಯ್ಸೋಣ ಅಂದ್ರೆ ಇವತ್ತು ಈ ಮನೇಲಿ ಇನ್ನೊಂದು ಒಲೆ ಹಚ್ಚಂಗಿಲ್ಲ. ಚನ್ನರಾಯಪ್ಪ, ನೀನಾದ್ರೂ ಹೇಳೋ."

ಆಚಾರದ ವಿಷಯದಲ್ಲಿ ಚನ್ನರಾಯಪ್ಪ ಎಷ್ಟು ಕಟ್ಟುನಿಟ್ಟೆಂದು ಊರಿಗೇ ಗೊತ್ತು. ಅವನು ಹಂಡೆಯನ್ನು ನೋಡಿದ, ಚಟ್ಟದ ಮೇಲಿದ್ದವನನ್ನು ನೋಡಿದ.

"ಅದು ನನ್ ತಮ್ಮನ ನೀರು" ಎಂದ. "ನಂಗ್ಯಾವ ಮೈಲಿಗೆ? ತಗೋಳಮ್ಮ."

ಸೌಟಿನಲ್ಲಿಟ್ಟು ಅವಳು ಅದ್ದಿದಳು. ನೀರಿನೊಳಗೆ ಆ ಬೂದು ಚೂರು ಮೆಲ್ಲಗೆ ಮೈಸಡಿಲಿಸಿತು. ಎತ್ತಿದ್ದೇ ತಡ, ಚನ್ನರಾಯಪ್ಪ ಸುಡುಸುಡುವುದನ್ನೇ ಬರಿಗೈಯಲ್ಲಿ ತೆಗೆದು ಚಕ್ರಗಳ ಮೇಲೆ ಕೂರಿಸಿ, ಎರಡೂ ಅಂಗೈಗಳ ನಡುವೆ ಅದುಮಿ ಹಿಡಿದ. ಬೆರಳು ಕೆಂಪಾದವು. ಹಲ್ಲು ಕಚ್ಚಿಕೊಂಡನೇ ಹೊರತು ಬಿಡಲಿಲ್ಲ.

ಚಟ್ಟ ಎತ್ತಿದರು. "ಒಡಹುಟ್ಟಿದವನು ಹೆಗಲು ಕೊಡಪ್ಪ" ಎಂದರು ಯಾರೋ.

"ಕೈ ಖಾಲಿ ಇಲ್ಲ" ಎಂದ ಚನ್ನರಾಯಪ್ಪ.

ಮೇಘನಳೇ ಮಡಕೆ ಹಿಡಿದು ಮುಂದೆ ನಡೆದಳು. ತೋಪಿನೊಳಗೇ ಆದ್ದರಿಂದ ಹೆಂಗಸರೂ ಹಿಂದೆ ಹೊರಟರು. ಚಟ್ಟದ ಪಕ್ಕದಲ್ಲೇ, ಎದೆಯ ಮುಂದೆ ಎರಡೂ ಕೈ ಜೋಡಿಸಿ ಹಿಡಿದು ನಡೆಯುತ್ತಿದ್ದ ಭಾವನನ್ನು ಹಿಂದಿನಿಂದ ನೋಡುತ್ತ ನೋಡುತ್ತ ಸುನಂದಳಿಗೆ ಅಳು ಬಂತು. ಬೆಳಗಿನಿಂದ ಬಾರದಿದ್ದದ್ದೆಲ್ಲ ಒಟ್ಟಿಗೇ ಬಂತು. ವೆಂಕಟರತ್ನಮ್ಮ ಅವಳ ರಟ್ಟೆ ಹಿಡಿದುಕೊಂಡಳು.

ಗುಂಡಿಯಲ್ಲಿ ಉಪ್ಪು ಹರಡಿ, ಬಟ್ಟೆ ಹಾಸಿ, ವೇಣುವನ್ನು ಇಳಿಸಿದರು. ಅಂಗೈ ಮೇಲಾಗಿ ಬಲಗೈ ಬದಿಗೆ ಚಾಚಿಕೊಂಡಿತ್ತು. ಆಗ ಚನ್ನರಾಯಪ್ಪ ಮೊದಲ ಸಲ ಕೈ ಬಿಚ್ಚಿದ. ಕಾರು ಕೂತಿತ್ತು.

ಅದನ್ನು ಸುನಂದಳ ಕೈಗೆ ಕೊಟ್ಟು, ಅವನು ಬಗ್ಗಿ ಮರದ ಬುಡದಲ್ಲಿ ಏನನ್ನೋ ಹುಡುಕಿದ. ಕಣ್ಣು ಕಾಣುತ್ತಿರಲಿಲ್ಲವೇನೋ, ತಡವರಿಸಿ ತಡವರಿಸಿ ಆರಿಸಿದ. ಆಮೇಲೆ ಬೇಡ ಬೇಡವೆಂದರೂ ಕೇಳದೆ ಇಬ್ಬರ ಭುಜ ಹಿಡಿದು ಗುಂಡಿಗಿಳಿದ. ಸುನಂದ ಮೇಲಿನಿಂದ ಕಾರನ್ನು ಕೊಟ್ಟಳು. ತಮ್ಮನ ಮೊಣಕೈಯ ಬಳಿ, ಹಾಸಿದ್ದ ಬಟ್ಟೆಯ ಮೇಲೆ ಅದನ್ನು ನಿಲ್ಲಿಸಿ, ನಾಲ್ಕು ಗಾಲಿಗಳ ಮುಂದೆ ನಾಲ್ಕು ಹೀಚು ಇಟ್ಟ. ಸುಟ್ಟ ಬೆರಳಿನಿಂದ ಹಿಂದಿನಿಂದ ಮೆಲ್ಲಗೆ ತಳ್ಳಿದ.

ಎಣ್ಣೆ ಕಂಡಿದ್ದ ಗಾಲಿಗಳು. ಕಾರು ಹೀಚುಗಳ ಮೇಲೆ ಒಮ್ಮೆ ಕುಪ್ಪಳಿಸಿ, ಹಾಸಿದ ಬಟ್ಟೆಯ ಸಣ್ಣ ಇಳಿಜಾರಿನಲ್ಲಿ ತಾನೇ ಉರುಳಿ ಹೋಗಿ, ಅಂಟು ಮೆತ್ತಿದ್ದ ಆ ಹೆಬ್ಬೆರಳಿಗೆ ತಗುಲಿ ನಿಂತಿತು.